ಮೂಗಿಗೆರಡು ದಿಂಬು

ಗೊರಕೆ ಹೊಡೆಯುವ ತಾತನನ್ನೋ ಮಾವನನ್ನೋ ನೀವು ನೋಡಿರುತ್ತೀರಿ. ಕೆಲವರ ಗೊರಕೆ ಜೋರಾಗುತ್ತಾ ಹೋಗಿ ಥಟ್ಟನೆ ನಿಂತುಬಿಡುತ್ತದೆ. ಸ್ವಲ್ಪ ಹೊತ್ತು ಸದ್ದೇ ಇರುವುದಿಲ್ಲ. ಆಮೇಲೆ ಗಕ್ಕನೆ ಉಸಿರೆಳೆದುಕೊಂಡು ಮಗ್ಗುಲು ಬದಲಿಸುತ್ತಾರೆ. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗಿ, ನಾಲಿಗೆಯ ಬುಡವೂ ಅಂಗುಳಿನ ಹಿಂಭಾಗವೂ ಕುಸಿದು ಉಸಿರಿನ ದಾರಿ ಮುಚ್ಚಿಕೊಂಡಿರುತ್ತದೆ. ಇದು ಸ್ಲೀಪ್ ಅಪ್ನಿಯಾ. ಇದಕ್ಕೆ ಬಳಸುವ ಯಂತ್ರದ ಹೆಸರು ಸಿಪ್ಯಾಪ್. ಅದರಲ್ಲಿ ಆಮ್ಲಜನಕದ ಸಿಲಿಂಡರ್ ಏನೂ ಇಲ್ಲ. ಕೋಣೆಯ ಗಾಳಿಯನ್ನೇ ಸೋಸಿ, ತುಸು ಒತ್ತಡ ಕೊಟ್ಟು ಮೂಗಿಗೆ ಕಳಿಸುತ್ತದೆ, ಅಷ್ಟೇ. ಆ ಒತ್ತಡಕ್ಕೆ ಗಂಟಲು ಕುಸಿಯದೆ ತೆರೆದೇ ಇರುತ್ತದೆ.

ಒತ್ತಡ ಎಷ್ಟು ಅಂತೀರಾ? ನಿಮ್ಮ ಬಾಯಿಯಿಂದಲೇ ಅಳೆಯಿರಿ. ಉದ್ದನೆಯ ಲೋಟದಲ್ಲಿ ನೀರು ತುಂಬಿ, ಸ್ಟ್ರಾ ಮೇಲೆ ಪೆನ್ನಿನಿಂದ 5, 10, 15 ಸೆಂಟಿಮೀಟರಿಗೆ ಗುರುತು ಹಾಕಿ. 5ರ ಗುರುತಿನವರೆಗೆ ಮುಳುಗಿಸಿ ಊದಿದರೆ ಸುಲಭವಾಗಿ ಗುಳ್ಳೆ ಬರುತ್ತದೆ. 15ಕ್ಕೆ ಇಳಿಸಿದರೆ ಕೆನ್ನೆ ಉಬ್ಬುತ್ತದೆ. ಸ್ಟ್ರಾ ದಪ್ಪವೋ ತೆಳುವೋ ಎನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ, ಆಳ ಮಾತ್ರ ಮುಖ್ಯ. ಸಿಪ್ಯಾಪ್‌ನ ಒತ್ತಡವನ್ನೂ ಹೀಗೆಯೇ ನೀರಿನ ಸೆಂಟಿಮೀಟರಿನಲ್ಲಿ ಹೇಳುತ್ತಾರೆ. ಸಾಮಾನ್ಯವಾಗಿ ಅದು 4ರಿಂದ 20. ಉಸಿರಾಟಕ್ಕೆ ಕಷ್ಟಪಡುವ ಎಳೆಗೂಸುಗಳಿಗೆ ಆಸ್ಪತ್ರೆಯಲ್ಲಿ ಕೊಡುವ ಒಂದು ಬಗೆಯ ಸಿಪ್ಯಾಪ್‌ನಲ್ಲಂತೂ ಕೊಳವೆಯ ತುದಿಯನ್ನು ನಿಜವಾಗಿಯೂ ನೀರಿನಲ್ಲಿ ಅದ್ದಿಟ್ಟಿರುತ್ತಾರೆ, ಗುಳುಗುಳು ಗುಳ್ಳೆ ಬರುತ್ತಲೇ ಇರುತ್ತದೆ.

ಒತ್ತಡ ಕೊಡುವುದಕ್ಕೆ ಒಂದು ಮೋಟಾರು ಸಾಕು. ಕೊಟ್ಟ ಒತ್ತಡ ಸೋರದಂತೆ ಮೂಗಿಗೆ ಹಾಕುವ ಮಾಸ್ಕ್ ಹಿಡಿದಿಡುವುದೇ ಫಜೀತಿ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಎಂಬ ವೈದ್ಯರು 1980ರಲ್ಲಿ ಮೊದಲ ಬಾರಿಗೆ ಸಿಪ್ಯಾಪ್ ಅನ್ನು ರೋಗಿಯೊಬ್ಬರಿಗೆ ಅಳವಡಿಸಿ, 1981ರಲ್ಲಿ ಪ್ರಕಟಿಸಿದರು. ಆ ಕಾಲದ ಮಾಸ್ಕ್ ನಿಲ್ಲುತ್ತಿದ್ದುದು ಹೇಗೆ ಗೊತ್ತೇ? ಸಿಲಿಕೋನ್ ಅಂಟು ಹಚ್ಚಿ ಮೂಗಿಗೇ ಮೆತ್ತುತ್ತಿದ್ದರು. ಬೆಳಗ್ಗೆ ಕೀಳುವುದು, ರಾತ್ರಿ ಮತ್ತೆ ಮೆತ್ತುವುದು. ಪಾಪ!

ಈಗ ಅಂಟು ಬೇಕಿಲ್ಲ. ಮಾಸ್ಕ್‌ಗಳಲ್ಲೇ ಅತಿ ಪುಟ್ಟದ್ದು ನೇಸಲ್ ಪಿಲ್ಲೋ, ಅಂದರೆ ಮೂಗಿನ ದಿಂಬು. ಎರಡು ಪುಟಾಣಿ ಸಿಲಿಕೋನ್ ಆಲಿಕೆಗಳು ಹೊಳ್ಳೆಗಳ ಬಾಯಿಗೆ ಒತ್ತಿ ಕೂರುತ್ತವೆ. ಇದರಲ್ಲಿ ಒಂದು ಸೊಗಸಾದ ಲೆಕ್ಕವಿದೆ. ಒತ್ತಡ 15 ಸೆಂಟಿಮೀಟರ್ ಎಂದರೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ 15 ಗ್ರಾಂ ನೀರಿನ ಭಾರ. ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕ್‌ನ ವಿಸ್ತೀರ್ಣ 70 ಚದರ ಸೆಂಟಿಮೀಟರ್ ಎಂದುಕೊಳ್ಳಿ. 70ನ್ನು 15ರಿಂದ ಗುಣಿಸಿ: ಒಂದು ಕಿಲೋಗಿಂತ ಹೆಚ್ಚು ಬಲ ಅದನ್ನು ಮುಖದಿಂದ ಆಚೆ ತಳ್ಳುತ್ತಿರುತ್ತದೆ! ಎರಡೂ ದಿಂಬುಗಳ ವಿಸ್ತೀರ್ಣ ಸೇರಿ 4 ಎಂದುಕೊಂಡರೆ ಬರುವುದು ಬರೀ 60 ಗ್ರಾಂ. ಹಾಗಾಗಿ ತಲೆಯ ಹಿಂದೆ ಒಂದು ಸಣ್ಣ ಪಟ್ಟಿ ಇದ್ದರೂ ಅದು ನಿಲ್ಲುತ್ತದೆ.

ಹಾಗಾದರೆ ಒತ್ತಡ ಏರಿದಾಗ ಪುಸ್ ಎಂದು ಸೋರುವುದೇಕೆ? ದಿಂಬನ್ನು ಬೆಳಕಿಗೆ ಹಿಡಿದು ನೋಡಿ. ಹಲವು ದಿಂಬುಗಳಿಗೆ ಎರಡು ಪದರ ಇರುತ್ತದೆ. ಒಳಗಿನದು ಆಕಾರ ಕಾಯುತ್ತದೆ, ಹೊರಗಿನದು ಊದಿದರೆ ಅಲುಗುವಷ್ಟು ತೆಳು. ಗಾಳಿ ಒಳಗಿನಿಂದ ಒತ್ತಿದಾಗ ಆ ತೆಳುಪದರ ಉಬ್ಬಿ ಹೊಳ್ಳೆಯ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಮುಚ್ಚಳ ಒಳಗಡೆಯಿಂದ ಕೂರುವ ಕುಕ್ಕರ್ ನಿಮ್ಮ ಅಡುಗೆಮನೆಯಲ್ಲಿದ್ದರೆ, ಆವಿಯೇ ಮುಚ್ಚಳವನ್ನು ಬಿಗಿ ಮಾಡುವುದನ್ನು ನೋಡಿರುತ್ತೀರಿ. ಇಲ್ಲೂ ಹಾಗೆಯೇ, ಸೋರಿಕೆ ತಡೆಯುವುದು ಗಾಳಿಯೇ. ಆದರೆ ಅದೇ ಗಾಳಿ ಇಡೀ ಮಾಸ್ಕ್ ಅನ್ನು ಮೂಗಿನಿಂದ ಆಚೆಗೂ ನೂಕುತ್ತದೆ. ಪಟ್ಟಿ ಎದುರಿಸಬೇಕಾದುದು ಈ ನೂಕುವಿಕೆಯನ್ನು ಮಾತ್ರ.

ದೊಡ್ಡವರು ಎಡವುವುದು ಇಲ್ಲೇ. ಸೋರಿತು ಎಂದ ಕೂಡಲೇ ಪಟ್ಟಿ ಎಳೆದು ಬಿಗಿಯುತ್ತಾರೆ. ತೆಳುಪದರ ಅಪ್ಪಚ್ಚಿಯಾಗಿ ಉಬ್ಬಲು ಜಾಗವೇ ಇಲ್ಲದೆ ಅಂಚಿನಲ್ಲಿ ಒಂದು ಸುಕ್ಕು ಬೀಳುತ್ತದೆ. ಆ ಸುಕ್ಕೇ ಗಾಳಿಗೆ ಕಾಲುವೆ. ಇನ್ನೂ ಬಿಗಿದರೆ ಇನ್ನೂ ಸೋರುತ್ತದೆ, ಜೊತೆಗೆ ಹೊಳ್ಳೆ ಕೆಂಪಾಗಿ ನೋಯುತ್ತದೆ. ಯಂತ್ರ ಚಾಲೂ ಇರುವಾಗಲೇ, ಮಲಗಿದ ಭಂಗಿಯಲ್ಲೇ, ಪಟ್ಟಿ ಸಡಿಲಿಸಿ ಮಾಸ್ಕ್ ಅನ್ನು ಮೂಗಿನಿಂದ ತುಸು ಎತ್ತಿ, ದಿಂಬು ಉಬ್ಬಿದ ಮೇಲೆ ಮತ್ತೆ ಕೂರಿಸಿದರೆ ಎಷ್ಟೋ ಸಲ ಸದ್ದು ನಿಲ್ಲುತ್ತದೆ. ಕೂತಾಗ ಸರಿಹೋದದ್ದು ಮಲಗಿದಾಗ ಸರಿಹೋಗಬೇಕೆಂದಿಲ್ಲ, ಕೆನ್ನೆಯ ಮಾಂಸ ಜರುಗಿರುತ್ತದೆ.

ಬೇರೆ ಕಾರಣಗಳೂ ಇವೆ. ದಿಂಬಿನ ಅಳತೆ ಹೊಳ್ಳೆಗೆ ಹೊಂದದಿದ್ದರೆ ಯಾವ ಪಟ್ಟಿಯೂ ಕೆಲಸಕ್ಕೆ ಬಾರದು. ಚಿಕ್ಕದಾದರೆ ಒಳಕ್ಕೆ ತೂರುತ್ತದೆ, ದೊಡ್ಡದಾದರೆ ಓರೆಯಾಗಿ ನಿಲ್ಲುತ್ತದೆ. ಮುಖದ ಎಣ್ಣೆಜಿಡ್ಡಿಗೆ ಸಿಲಿಕೋನ್ ಜಾರುತ್ತದೆ. ಅದಕ್ಕೇ ಮಲಗುವ ಮುಂಚೆ ಮುಖ ತೊಳೆಯುವುದು, ದಿಂಬನ್ನು ದಿನಾ ಸೌಮ್ಯ ಸೋಪಿನ ನೀರಲ್ಲಿ ತೊಳೆಯುವುದು. ಮಗ್ಗುಲು ತಿರುಗಿದಾಗ ಕೊಳವೆ ಜಗ್ಗಿದರೂ ದಿಂಬು ಕದಲುತ್ತದೆ. ಕೊಳವೆಯನ್ನು ಮಂಚದ ತಲೆಭಾಗದ ಮೇಲಿಂದ ಇಳಿಬಿಟ್ಟರೆ ಆ ಕಾಟವಿಲ್ಲ. ಕೆಲವರ ದಿಂಬು ನೆಟ್ಟಗೇ ಇರುತ್ತದೆ, ಗಾಳಿ ಮಾತ್ರ ತೆರೆದ ಬಾಯಿಂದ ಹೊರಟುಹೋಗಿರುತ್ತದೆ! ಅವರಿಗೆ ಬೇರೆ ಮಾಸ್ಕ್ ಬೇಕೇ, ಒತ್ತಡ ಬದಲಿಸಬೇಕೇ ಎಂಬುದನ್ನು ವೈದ್ಯರೇ ನೋಡಬೇಕು.

ಇಷ್ಟೆಲ್ಲ ಮಾಡಿದರೂ ಒಂದು ಕಡೆ ಗಾಳಿ ಸೋರುತ್ತಲೇ ಇರುತ್ತದೆ, ಸೋರಲೇಬೇಕು. ಮಾಸ್ಕ್‌ನ ಮುಂದೆ ಅಂಗೈ ಹಿಡಿದರೆ ತಣ್ಣನೆಯ ಗಾಳಿ ತಾಗುತ್ತದೆ. ಅಲ್ಲಿರುವ ಸಣ್ಣ ಸಣ್ಣ ತೂತುಗಳಿಂದ, ನಾವು ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ. ಒತ್ತಡ 5ರಿಂದ 20ಕ್ಕೆ, ಅಂದರೆ ನಾಲ್ಕು ಪಟ್ಟು ಏರಿದರೆ ಈ ತೂತುಗಳ ಗಾಳಿ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಹಾಗಾಗಿ ಸುಯ್‌ ಎನ್ನುವ ಸದ್ದು ಕೇಳಿದಾಗ ಅದು ಹೊಳ್ಳೆಯ ಅಂಚಿನಿಂದ ಬರುತ್ತಿದೆಯೋ ಈ ತೂತುಗಳಿಂದಲೋ ಎಂದು ಮೊದಲು ನೋಡಿ. ತೂತುಗಳದ್ದಾದರೆ ಬೆರಳಿಟ್ಟು ಮುಚ್ಚಬೇಡಿ, ಟೇಪ್ ಅಂತೂ ಬೇಡವೇ ಬೇಡ.