ನೊಣಕ್ಕೂ ಬೊಜ್ಜು

ದಪ್ಪಗಿರುವವರ ವಿಷಯದಲ್ಲಿ ನಮ್ಮ ಸಮಾಜ ವಿಚಾರಣೆಗೆ ಮೊದಲೇ ತೀರ್ಪು ಬರೆದಿಟ್ಟುಕೊಂಡಿರುತ್ತದೆ: ಬಾಯಿ ಕಟ್ಟುವುದಿಲ್ಲ, ಮೈ ಬಗ್ಗಿಸುವುದಿಲ್ಲ. ಮದುವೆಮನೆಯ ಪಂಕ್ತಿಯಿಂದ ಹಿಡಿದು ವೈದ್ಯರ ಕೊಠಡಿಯವರೆಗೂ ಇದೇ ಮಾತು. ಆದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನೋಡಿ. 2015–16ರಲ್ಲಿ ಕರ್ನಾಟಕದ ಮಹಿಳೆಯರಲ್ಲಿ ಸುಮಾರು ಶೇ. 23ರಷ್ಟು ಮಂದಿಗೆ ಅಧಿಕ ತೂಕವಿತ್ತು. 2019–21ರ ಹೊತ್ತಿಗೆ ಅದು ಶೇ. 30ಕ್ಕೆ ಬಂತು. ಗಂಡಸರಲ್ಲಿ ಏರಿಕೆ ಇದಕ್ಕಿಂತ ಸ್ವಲ್ಪ ಹೆಚ್ಚೇ. ನಾಲ್ಕೈದು ವರ್ಷಗಳಲ್ಲಿ ಒಂದು ರಾಜ್ಯದ ಜನರೆಲ್ಲ ಇದ್ದಕ್ಕಿದ್ದಂತೆ ಚಪಲಗಾರರಾದರು ಎಂದು ನಂಬುವುದು ಕಷ್ಟ. ಬದಲಾದವು ಹಲವು: ತಟ್ಟೆಯಲ್ಲಿರುವುದು, ಉಣ್ಣುವ ಹೊತ್ತು, ದುಡಿಮೆ, ನಿದ್ದೆ. ಇವೆಲ್ಲ ಒಟ್ಟೊಟ್ಟಿಗೆ ಬದಲಾದ್ದರಿಂದ ಯಾವುದರ ಪಾಲು ಎಷ್ಟು ಎಂದು ಮನುಷ್ಯರಲ್ಲಿ ಬಿಡಿಸಿ ನೋಡುವುದು ಬಹಳ ತ್ರಾಸದ ಕೆಲಸ. ಬಾಳೆಹಣ್ಣು ಕಳಿತರೆ ಅಡುಗೆಮನೆಯಲ್ಲಿ ಸುಳಿದಾಡುವ ಪುಟ್ಟ ನೊಣದಲ್ಲಿ ಅದು ಸಾಧ್ಯ. ಹಾಗೆ ಬಿಡಿಸಿ ನೋಡಿದಾಗ ನಮ್ಮ ಸಿದ್ಧ ತೀರ್ಪು ನಿಲ್ಲುವುದಿಲ್ಲ ಎಂಬುದೇ ಈ ಉಪನ್ಯಾಸದ ವಾದ.

ಮಾವಿನ ಕಾಯಿಯೊಳಗೆ ಹುಳ ಬಿಟ್ಟು ತೋಟದವರನ್ನು ಗೋಳು ಹೊಯ್ದುಕೊಳ್ಳುವ ನೊಣ ಬೇರೆ. ಇಲ್ಲಿ ಹೇಳುತ್ತಿರುವುದು ಡ್ರೊಸೊಫಿಲಾ. 1910ರಲ್ಲಿ ನ್ಯೂಯಾರ್ಕಿನಲ್ಲಿ ಥಾಮಸ್ ಹಂಟ್ ಮಾರ್ಗನ್ ಒಂದು ಬಿಳಿಗಣ್ಣಿನ ಗಂಡು ನೊಣವನ್ನು ಕಂಡಂದಿನಿಂದ ತಳಿವಿಜ್ಞಾನ ಈ ಜೀವಿಯ ಬೆನ್ನೇರಿಯೇ ಬಂದಿದೆ. ಮೊಟ್ಟೆಯಿಂದ ನೊಣವಾಗಲು ಹತ್ತು ಹನ್ನೆರಡು ದಿನ ಸಾಕು, ಒಂದು ಸೀಸೆಯಲ್ಲಿ ನೂರಾರು ನೊಣ ಸಾಕಬಹುದು. ಕರ್ನಾಟಕಕ್ಕೂ ಇದು ಹೊರಗಿನದಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ರೊ. ಎಂ. ಆರ್. ರಾಜಶೇಖರಶೆಟ್ಟಿಯವರು ಕಟ್ಟಿದ ಪರಂಪರೆಯನ್ನು ಎನ್. ಬಿ. ಕೃಷ್ಣಮೂರ್ತಿ, ಎಚ್. ಎ. ರಂಗನಾಥ್ ಮುಂತಾದವರು ಬೆಳೆಸಿದರು. ಮಾನಸಗಂಗೋತ್ರಿಯ ಡ್ರೊಸೊಫಿಲಾ ಸ್ಟಾಕ್ ಸೆಂಟರಿನಲ್ಲಿ ಈಗಲೂ ತಳಿಗಳನ್ನು ಕಾಪಿಡಲಾಗುತ್ತಿದೆ. ಅಲ್ಲಿ ನೊಣಗಳಿಗೆ ಹಾಕುವ ಊಟ ನಮಗೆ ಗುರುತಿನದೇ: ಒಂದು ಲೀಟರ್ ನೀರಿಗೆ ನೂರು ಗ್ರಾಂ ಬೆಲ್ಲ, ನೂರು ಗ್ರಾಂ ಗೋಧಿ ರವೆ, ಗಟ್ಟಿಯಾಗಲು ಅಗರ್, ಬೂಷ್ಟು ಹಿಡಿಯದಿರಲು ಸ್ವಲ್ಪ ಪ್ರೊಪಿಯಾನಿಕ್ ಆಮ್ಲ, ಮೇಲೆ ಯೀಸ್ಟ್. ತುಪ್ಪ, ದ್ರಾಕ್ಷಿ ಬಿಟ್ಟರೆ ಹೆಚ್ಚುಕಡಿಮೆ ಬೆಲ್ಲದ ಸಜ್ಜಿಗೆಯೇ. ಈ ಪಾಕದ ಲೆಕ್ಕವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

2011ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಿಜ್ಞಾನಿಗಳು ನೊಣದ ಮರಿಹುಳುಗಳಿಗೆ ಸಕ್ಕರೆ ಹೆಚ್ಚಿಸಿದ ಊಟ ಕೊಟ್ಟರು. ಮಾಮೂಲಿ ಊಟದಲ್ಲಿ ಲೀಟರಿಗೆ ಸುಮಾರು 51 ಗ್ರಾಂ ಸಕ್ಕರೆ, ಹೆಚ್ಚಿಸಿದ್ದರಲ್ಲಿ 342 ಗ್ರಾಂ. ಮರಿಹುಳುಗಳಲ್ಲಿ ಕೊಬ್ಬು ಏರಿತು, ದೇಹದ್ರವದಲ್ಲಿ ಸಕ್ಕರೆ ಏರಿತು, ಇನ್ಸುಲಿನ್ ಮಾತು ಕೇಳುವ ಶಕ್ತಿ ಕುಂದಿತು. ನೊಣಕ್ಕೆ ಇನ್ಸುಲಿನ್ ಎಲ್ಲಿಂದ ಬಂತು ಎಂದು ಅಚ್ಚರಿಪಡಬೇಕಿಲ್ಲ. ಅದರ ಮಿದುಳಿನ ಕೆಲವೇ ನರಕೋಶಗಳು ಇನ್ಸುಲಿನ್‌ನ ಹತ್ತಿರದ ಬಂಧುವನ್ನು ಸ್ರವಿಸುತ್ತವೆ, ಆ ಕೋಶಗಳನ್ನು ನಾಶಮಾಡಿದರೆ ರಕ್ತದಂಥ ದ್ರವದಲ್ಲಿ ಸಕ್ಕರೆ ಹೆಚ್ಚುತ್ತದೆ ಎಂಬುದು 2002ರಲ್ಲೇ ತಿಳಿದಿತ್ತು. ಕೊಬ್ಬಿನ ಪ್ರಯೋಗವೂ ನಡೆದಿದೆ, ಅದೂ ನಮ್ಮ ಕೊಬ್ಬರಿ ಎಣ್ಣೆಯಲ್ಲಿ: ಅದನ್ನು ಹೇರಳವಾಗಿ ಬೆರೆಸಿದ ಊಟ ತಿಂದ ನೊಣಗಳ ಹೃದಯದ ಬಡಿತವೇ ಕೆಟ್ಟಿತು. ಇನ್ನೊಂದು ಪ್ರಯೋಗ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹರಿತವಾದದ್ದು. 2019ರಲ್ಲಿ ಮಿಷಿಗನ್‌ನಲ್ಲಿ ಕಂಡದ್ದು ಇದು: ಸಕ್ಕರೆ ಹೆಚ್ಚು ತಿಂದ ನೊಣದ ನಾಲಗೆಗೆ ಸಿಹಿಯ ಅರಿವೇ ಮೊಂಡಾಗುತ್ತದೆ, ಹಾಗಾಗಿ ಅದು ಇನ್ನೂ ಹೆಚ್ಚು ತಿನ್ನುತ್ತದೆ. ಚಪಲ ಬೊಜ್ಜಿಗೆ ಕಾರಣ ಎನ್ನುತ್ತೇವೆ. ಇಲ್ಲಿ ಊಟವೇ ಚಪಲವನ್ನು ಹುಟ್ಟಿಸಿತು.

ಊಟ ಒಂದೇ ಆಗಿದ್ದರೂ ಮೈ ಒಂದೇ ಬಗೆಯಾಗಿರಬೇಕಿಲ್ಲ ಎಂಬುದಕ್ಕೆ ಸಾಕ್ಷಿ ಬೆಂಗಳೂರಿನಿಂದಲೇ ಬಂದಿದೆ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಗೈತಿ ಹಸನ್ ಅವರ ತಂಡ ಜೀವಕೋಶದೊಳಗೆ ಕ್ಯಾಲ್ಸಿಯಂ ಬಿಡುಗಡೆ ಮಾಡುವ ಒಂದು ಪ್ರೋಟೀನಿನ ಬಗ್ಗೆ ಬಹುಕಾಲದಿಂದ ದುಡಿಯುತ್ತಿದೆ. ಆ ಪ್ರೋಟೀನಿನ ವಂಶವಾಹಿಯಲ್ಲಿ ದೋಷವಿರುವ ನೊಣಗಳು ಬೊಜ್ಜು ಬೆಳೆಸುತ್ತವೆ, ಅತಿಯಾಗಿ ತಿನ್ನುತ್ತವೆ, ಉಪವಾಸ ಕೆಡವಿದರೆ ಮಾಮೂಲಿ ನೊಣಗಳಿಗಿಂತ ಹೆಚ್ಚು ಕಾಲ ಬದುಕುತ್ತವೆ ಎಂದು ಅವರು 2013ರಲ್ಲಿ ಪ್ರಕಟಿಸಿದರು. ಕೊನೆಯ ಸಂಗತಿಯನ್ನು ಗಮನಿಸಬೇಕು. ಬರಗಾಲದಲ್ಲಿ ಉಳಿಸುವ ಮೈಯೇ ಸುಗ್ಗಿಯಲ್ಲಿ ಕೆಡಿಸುತ್ತದೆ. ಪಕ್ಕದ ಸೀಸೆಯ ಮಾಮೂಲಿ ನೊಣಕ್ಕೂ ಈ ನೊಣಕ್ಕೂ ಹಾಕಿದ ಊಟದಲ್ಲಿ ಭೇದವಿಲ್ಲ, ಸಂಕಲ್ಪಬಲದ ಪ್ರಶ್ನೆಯಂತೂ ನೊಣದಲ್ಲಿ ಏಳುವುದೇ ಇಲ್ಲ. ಇನ್ನು ತಂದೆಯ ಪಾಲು: ಕೂಡುವ ಮುನ್ನ ಎರಡೇ ದಿನ ಗಂಡು ನೊಣದ ಊಟದ ಸಕ್ಕರೆಯನ್ನು ಏರುಪೇರು ಮಾಡಿದರೂ ಅದರ ಮಕ್ಕಳಿಗೆ ಕೊಬ್ಬು ಕಟ್ಟುವ ಪ್ರವೃತ್ತಿ ಬರುತ್ತದೆಂದು 2014ರಲ್ಲಿ ಜರ್ಮನಿಯ ತಂಡವೊಂದು ತೋರಿಸಿತು. ಬಸುರಿಯ ಊಟಕ್ಕಷ್ಟೇ ಕಟ್ಟಳೆ ಹಾಕುವ ನಮ್ಮ ಮನೆಗಳು ಇದನ್ನು ಕೇಳಿಸಿಕೊಳ್ಳಬೇಕು.

ಭದ್ರಾವತಿಯ ಜನ್ನಾಪುರದಲ್ಲಿ ಈ ಮಾತನಾಡುವಾಗ ಹೊತ್ತಿನ ಪ್ರಶ್ನೆಯನ್ನು ಬಿಡುವಂತಿಲ್ಲ. ಭದ್ರಾವತಿ ಪಾಳಿಯ ಮೇಲೆ ಬೆಳೆದ ಊರು. 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿಕೊಂಡಿತು, 1936ರಲ್ಲಿ ಕಾಗದದ ಕಾರ್ಖಾನೆಯ ಕಂಪನಿ ಹುಟ್ಟಿತು. ರಾತ್ರಿ ಪಾಳಿಯವರ ಊಟ ನಡುರಾತ್ರಿಗೂ ನಿದ್ದೆ ಹಗಲಿಗೂ ಬಿತ್ತು. ವಿಜ್ಞಾನಿ ಸಚ್ಚಿದಾನಂದ ಪಾಂಡಾ ಮತ್ತು ಜೊತೆಗಾರರು 2015ರಲ್ಲಿ ನೊಣಗಳ ಎರಡು ಗುಂಪು ಮಾಡಿದರು. ಒಂದಕ್ಕೆ ಹಗಲಿರುಳೂ ಊಟ, ಇನ್ನೊಂದಕ್ಕೆ ಹಗಲಿನ ಹನ್ನೆರಡು ಗಂಟೆ ಮಾತ್ರ. ತಿಂದ ಪ್ರಮಾಣ ಹೆಚ್ಚುಕಡಿಮೆ ಒಂದೇ. ಆದರೂ ಹಗಲೂಟದವು ಚೆನ್ನಾಗಿ ನಿದ್ರಿಸಿದವು, ತೂಕ ಕಡಿಮೆ ಏರಿತು, ಹೃದಯ ನಿಧಾನವಾಗಿ ಮುಪ್ಪಾಯಿತು. ಇದನ್ನು ಎತ್ತಿಕೊಂಡು ನೇರ ಕಾರ್ಮಿಕರ ಮೇಲೆ ಹೇರುವುದು ತಪ್ಪಾಗುತ್ತದೆ. ಆದರೆ ಕ್ಯಾಲೊರಿ ಎಣಿಸಿ ಎಂದು ಬೋಧಿಸಿ ಮುಗಿಸುವ ಆರೋಗ್ಯ ಶಿಬಿರಗಳು ನೀವು ಯಾವ ಪಾಳಿ ಎಂದು ಮೊದಲು ಕೇಳುವುದು ಒಳ್ಳೆಯದು.

ಆಕ್ಷೇಪಗಳು ಇವೆ, ಅವು ಹಗುರವಾದವಲ್ಲ. ನೊಣ ಮನುಷ್ಯನಲ್ಲ ಎಂಬುದು ಮೊದಲನೆಯದು. ನಿಜ. ಅದಕ್ಕೆ ಯಕೃತ್ತೂ ಕೊಬ್ಬಿನ ಅಂಗಾಂಶವೂ ಬೇರೆಬೇರೆ ಇಲ್ಲ, ಎರಡರ ಕೆಲಸವನ್ನೂ ಒಂದೇ ಅಂಗ ಮಾಡುತ್ತದೆ. ರಕ್ತನಾಳಗಳ ಜಾಲವೂ ಇಲ್ಲ. ಹಾಗಾಗಿ ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕಟ್ಟುವ ಕಾಯಿಲೆಯನ್ನು ಅದರಲ್ಲಿ ಹುಡುಕುವುದು ವ್ಯರ್ಥ. ಆದರೆ ಮನುಷ್ಯರ ಕಾಯಿಲೆಗಳಿಗೆ ಸಂಬಂಧಿಸಿದ ವಂಶವಾಹಿಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ನೊಣದಲ್ಲಿ ಜೊತೆಗಾರರಿವೆ. 2012ರಲ್ಲಿ ಅಖಿಲಾ ರಾಜನ್ ಮತ್ತು ನಾರ್ಬರ್ಟ್ ಪೆರಿಮನ್, ಹೊಟ್ಟೆ ತುಂಬಿದೆ ಎಂದು ನೊಣದ ಕೊಬ್ಬು ಮಿದುಳಿಗೆ ಸುದ್ದಿ ಕಳಿಸುವ ಪ್ರೋಟೀನನ್ನು ತೆಗೆದು ಅದರ ಜಾಗದಲ್ಲಿ ಮನುಷ್ಯರಲ್ಲಿ ಅದೇ ಸುದ್ದಿ ಒಯ್ಯುವ ಲೆಪ್ಟಿನ್ ಇಟ್ಟರು; ಕೆಲಸ ನಡೆಯಿತು. ಎರಡನೆಯ ಆಕ್ಷೇಪ ಇನ್ನೂ ಬಿಗಿಯಾದದ್ದು: ಮಾಮೂಲಿ ಊಟ ಎಂದರೆ ಯಾವುದು? ಸೇಂಟ್ ಲೂಯಿಸ್‌ನ ಮಾಮೂಲಿಯಲ್ಲಿ ಲೀಟರಿಗೆ 51 ಗ್ರಾಂ ಸಕ್ಕರೆ, ಮೈಸೂರಿನ ಮಾಮೂಲಿಯಲ್ಲಿ ನೂರು ಗ್ರಾಂ ಬೆಲ್ಲ. ಒಂದು ಪ್ರಯೋಗಾಲಯದ ಸಂಯಮ ಇನ್ನೊಂದರ ಹಬ್ಬ. ಎರಡು ಊರಿನ ಫಲಿತಾಂಶಗಳನ್ನು ಪಕ್ಕಪಕ್ಕ ಇಟ್ಟು ತೀರ್ಮಾನಕ್ಕೆ ಬರುವವರು ಮೊದಲು ಪಾಕದ ಚೀಟಿ ಓದಬೇಕು. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಬೊಜ್ಜಿಗೆ ಮೂಲ ಪೇಟೆಯಲ್ಲಿದೆ, ಬೆಲೆಯಲ್ಲಿದೆ, ಜಾಹೀರಾತಿನಲ್ಲಿದೆ, ಸೀಸೆಯಲ್ಲಿಲ್ಲ ಎನ್ನುವವರೂ ಉಂಟು. ಅವರೊಡನೆ ನೊಣಕ್ಕೆ ಜಗಳವಿಲ್ಲ. ನೊಣ ತನ್ನ ಊಟವನ್ನು ಆರಿಸಿಕೊಂಡಿಲ್ಲ, ಯಾರೋ ಸೀಸೆಗೆ ಸುರಿದದ್ದನ್ನು ತಿಂದಿದೆ. ಮೈ ಕೆಟ್ಟಾಗ ಸುರಿದವರನ್ನು ಕೇಳಬೇಕೇ ಹೊರತು ತಿಂದದ್ದನ್ನಲ್ಲ.

ಕಡೆಯದಾಗಿ ಇಲ್ಲಿನ ವಿಜ್ಞಾನ ಕಾಲೇಜುಗಳಿಗೂ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೂ ಒಂದು ಕೋರಿಕೆ. ಜಗತ್ತಿನ ಪ್ರಯೋಗಾಲಯಗಳು ಹೆಚ್ಚಾಗಿ ತೂಗಿ ನೋಡಿರುವುದು ಬಿಳಿ ಸಕ್ಕರೆ, ಮೆಕ್ಕೆಜೋಳದ ಹಿಟ್ಟುಗಳನ್ನು. ರಾಗಿ, ಪಾಲಿಶ್ ಮಾಡಿದ ಅಕ್ಕಿ, ಕೆಂಪಕ್ಕಿ, ಬೆಲ್ಲ ಇವುಗಳ ಪ್ರಶ್ನೆ ನಮ್ಮದು, ನಾವೇ ಕೇಳಬೇಕು. ಇದಕ್ಕೆ ಬೇಕಾದದ್ದು ಸೀಸೆ, ಹತ್ತಿ, ರವೆ, ಒಂದು ಸೂಕ್ಷ್ಮದರ್ಶಕ ಮತ್ತು ಶ್ರದ್ಧೆಯಿಂದ ಲೆಕ್ಕ ಬರೆಯುವ ವಿದ್ಯಾರ್ಥಿಗಳು. ತಳಿಗಳು ಮೈಸೂರಿನಲ್ಲಿ ಸಿಗುತ್ತವೆ.