ಮನೆಯ ಮಾತು, ಪಾಠದ ಮಾತು
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಮಾಡಿದ ಭಾಷಣ)

 

ಶಾಲೆಗೆ ಸೇರಿಸುವ ಫಾರ್ಮಿನಲ್ಲಿ ಮಾತೃಭಾಷೆ ಎಂಬ ಕಾಲಮ್ ಇರುತ್ತದೆ. ಮಂಕಿಯ ನಮ್ಮ ಎಷ್ಟೋ ಮನೆಗಳಲ್ಲಿ ಆಡುವುದು ನವಾಯತಿ, ಬರೆಸುವುದು ಉರ್ದು. ಮಾಸ್ತರರಾಗಿ ನಾವೂ ಹಾಗೆಯೇ ಬರೆದುಕೊಂಡೆವು. ಹೀಗೆ ಮಗುವಿಗೆ ಮೊದಲ ದಿನದ ಪಾಠವೇ ಎರಡನೆಯ ಭಾಷೆಯಲ್ಲಿ. ಎಂಟನೆಯ ತರಗತಿಗೆ ಕನ್ನಡ ಮಾಧ್ಯಮಕ್ಕೆ ಹೋದರೆ ಅದು ಮೂರನೆಯದು.

‘ಮುಸಲ್ಲಸ್’ನ ಲೆಕ್ಕ ಚೆನ್ನಾಗಿ ಮಾಡುತ್ತಿದ್ದ ಒಬ್ಬ ಹುಡುಗಿ, ‘ತ್ರಿಭುಜ’ ಎಂದಾಗ ಸುಮ್ಮನೆ ಕೂತಳು. ಇವಳಿಗೆ ಗಣಿತ ಬರುವುದಿಲ್ಲ ಎಂದು ನಾವು ಹಿಂದಿನ ಬೆಂಚಿಗೆ ಕಳಿಸಿದೆವು. ಅವಳು ಹತ್ತನೆಯ ತರಗತಿ ಮುಗಿಸಲಿಲ್ಲ. ಎರಡೂ ಒಂದೇ ಎಂದು ಹೇಳಲು ನಮಗೆ ಅರ್ಧ ನಿಮಿಷ ಸಾಕಿತ್ತು.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಒದಗಿಸಲು ಯತ್ನಿಸಬೇಕೆಂಬ 350-ಎ ವಿಧಿ 1956ರಲ್ಲೇ ಸಂವಿಧಾನಕ್ಕೆ ಸೇರಿದೆ. ಕರ್ನಾಟಕದ ಪ್ರಕರಣದಲ್ಲಿ 2014ರಲ್ಲಿ ಸುಪ್ರೀಂ ಕೋರ್ಟು, ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ, ಮಗುವಿನ ಮಾತೃಭಾಷೆ ಯಾವುದೆಂದು ಹೇಳುವವರು ಪಾಲಕರು ಎಂದಿತು. ಕೈಯಲ್ಲಿ ಕಾಸಿದ್ದವರು ಇಂಗ್ಲಿಷ್ ಮಾಧ್ಯಮ ಹುಡುಕಿದೆವು. ಫೀಸು ಕಟ್ಟಲಾಗದವರ ಮಕ್ಕಳೇ ಈಗ ನಮ್ಮ ಮುಂದೆ ಅರ್ಜಿ ಹಿಡಿದು ಕೂತಿರುವವರು.

ದಾನಿಗಳಲ್ಲಿ ನಮ್ಮ ವಿನಂತಿ ಇಷ್ಟೇ: ಮಾಧ್ಯಮ ಬದಲಿಸಿದ ವರ್ಷ ಅಂಕ ಕಡಿಮೆಯಾಯಿತೆಂದು ವಿದ್ಯಾರ್ಥಿವೇತನ ನಿಲ್ಲಿಸಬೇಡಿ. ಪಾಲಕರೇ, ಟ್ರಸ್ಟಿನ ಅರ್ಜಿಯಲ್ಲಾದರೂ ಮನೆಯಲ್ಲಿ ಆಡುವ ಮಾತು ಯಾವುದೆಂದು ಸರಿಯಾಗಿ ಬರೆಯಿರಿ. ಉರ್ದು, ಕನ್ನಡ ಎರಡೂ ಪುಸ್ತಕ ಹಿಡಿದು, ನವಾಯತಿಯಲ್ಲೇ ಬಿಡಿಸಿ ಹೇಳಲು ನಿವೃತ್ತರಾದ ನಾವು ಸಂಜೆ ಹೊತ್ತು ಬಿಡುವಾಗಿದ್ದೇವೆ. ಮಕ್ಕಳನ್ನು ಕಳಿಸಿ.