ಅಮ್ಮನ ವಾಕಿಂಗ್, ನನ್ನ ಎಕ್ಸೆಲ್ ಶೀಟ್

ಈ ಎಪಿಸೋಡನ್ನ ಬೆಳಗ್ಗೆ ಕಂಬಳಿ ಒಳಗಿಂದಲೇ ಕೇಳ್ತಿದ್ದೀರಾ? ಪರವಾಗಿಲ್ಲ, ಏಳಬೇಡಿ. ಇವತ್ತು ನಿಮಗೆ ಬುದ್ಧಿ ಹೇಳಲ್ಲ. ನಮ್ಮಮ್ಮನಿಗೆ ಬುದ್ಧಿ ಹೇಳೋಕೆ ಹೋಗಿ ನಾನೇ ಬೈಸ್ಕೊಂಡ ಕಥೆ ಹೇಳ್ತೀನಿ.

ಅಮ್ಮನಿಗೆ 51 ವರ್ಷ. ಅವರು ಮೈಸೂರಲ್ಲಿ, ನಾನು ಬೆಂಗಳೂರಲ್ಲಿ. ಸೆಪ್ಟೆಂಬರ್‌ನಲ್ಲಿ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಎಚ್‌ಬಿಎ1ಸಿ 6.2 ಬಂತು. ಇದು ಎರಡು-ಮೂರು ತಿಂಗಳ ಶುಗರ್‌ನ ಸರಾಸರಿ ಹೇಳುವ ಟೆಸ್ಟ್. 5.7ಕ್ಕಿಂತ ಕಡಿಮೆ ಇದ್ದರೆ ನಾರ್ಮಲ್, 6.5 ಮುಟ್ಟಿದರೆ ಡಯಾಬಿಟಿಸ್. ಅಮ್ಮ ಎರಡರ ಮಧ್ಯೆ ಇದ್ದರು. ನಮ್ಮಜ್ಜಿಗೂ ಶುಗರ್ ಇತ್ತು. ಕಾಲಿನ ಗಾಯ ಒಣಗದೆ ಕೊನೆಗೆ ಎರಡು ಬೆರಳು ತೆಗೆಯಬೇಕಾಯ್ತು. ದಿನಾ ಆ ಗಾಯ ತೊಳೆದು ಬಟ್ಟೆ ಕಟ್ಟುತ್ತಿದ್ದದ್ದು ಅಮ್ಮನೇ. ಹಾಗಾಗಿ 6.2 ನೋಡಿ ನನಗೆ ನಿದ್ದೆ ಬರಲಿಲ್ಲ.

ಒಂದು ಸ್ಮಾರ್ಟ್‌ವಾಚ್ ಕೊಡಿಸಿದೆ. ಅಮ್ಮ ನಡೆದ ಹೆಜ್ಜೆಗಳೆಲ್ಲ ನನ್ನ ಫೋನಲ್ಲಿ ಕಾಣೋ ಹಾಗೆ ಮಾಡಿಕೊಂಡೆ. ಬಿಕಾಂ ಓದಿದವಳು ನೋಡಿ, ಎಕ್ಸೆಲ್ ಶೀಟ್ ಕೂಡ ಮಾಡಿದೆ. ಅಕ್ಟೋಬರ್, ನವೆಂಬರ್ ಚೆನ್ನಾಗೇ ಹೋಯ್ತು. ಬೆಳಗ್ಗೆ 5:45ಕ್ಕೆ ಅಮ್ಮ ಪಾರ್ಕಲ್ಲಿ ಇರ್ತಿದ್ದರು. ಡಿಸೆಂಬರ್ ಬಂದಿದ್ದೇ ತಡ, ನಂಬರ್ ಬಿದ್ದೇ ಹೋಯ್ತು. ನಾನು ದಿನಾ ರಾತ್ರಿ ಫೋನ್ ಮಾಡಿ, "ಯಾಕಮ್ಮ ಇವತ್ತು ಇಷ್ಟೇ?" ಅಂತ ಶುರು ಮಾಡಿದೆ. ಒಂದು ದಿನ ಅಮ್ಮ, "ನೀನು ನನ್ನ ಮಗಳೋ, ಆಡಿಟರೋ?" ಅಂದರು. ವಾಚ್ ಬಿಚ್ಚಿ ಷೋಕೇಸಲ್ಲಿ ಇಟ್ಟರು. ಮುಂದಿನ ಒಂದು ವಾರ ನಾನು ಫೋನ್ ಮಾಡಿದಾಗೆಲ್ಲ ಎತ್ತಿದ್ದು ಅಪ್ಪ.

ಕ್ರಿಸ್‌ಮಸ್ ರಜೆಗೆ ಊರಿಗೆ ಹೋದೆ. ಬೆಳಗ್ಗೆ ಐದು ಗಂಟೆಗೆ ಎಚ್ಚರ ಆದರೆ ಅಡುಗೆಮನೆಯಲ್ಲಿ ಲೈಟು! ಅಮ್ಮ ಸ್ನಾನ ಮುಗಿಸಿ, ಸ್ವೆಟರ್ ಹಾಕಿಕೊಂಡು, ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಹೊರಟಿದ್ದರು. ಧನುರ್ಮಾಸದ ಪೂಜೆಗೆ. ಮೈಸೂರಿನ ಆ ಚಳಿಯಲ್ಲಿ!

ನನಗೆ ಕೋಪ ಬಂತು. "ದೇವಸ್ಥಾನಕ್ಕಾದರೆ ಚಳಿ ಆಗಲ್ವಾ?" ಅಂತ ಕೇಳೇಬಿಟ್ಟೆ.

ಅಮ್ಮ ಶಾಂತವಾಗಿ ಹೇಳಿದರು: "ಗೇಟ್ ಹತ್ರ ಎದುರುಮನೆಯವರು ಕಾಯ್ತಿರ್ತಾರೆ ಕಣೇ. ನಾಲ್ಕೈದು ಜನ ಮಾತಾಡ್ಕೊಂಡು ಹೋಗ್ತೀವಿ. ಪಾರ್ಕಿಗೆ ಆ ಕತ್ತಲಲ್ಲಿ, ಬೀದಿನಾಯಿಗಳ ಮಧ್ಯೆ ನಾನೊಬ್ಬಳೇ ಹೋಗಬೇಕು. ನೀನಾದರೆ ಹೋಗ್ತೀಯಾ?"

ನಾನು ಹೋಗಲ್ಲ. ನನಗೆ ಅದು ಹೊಳೆದೇ ಇರಲಿಲ್ಲ. ಮೈಸೂರಲ್ಲಿ ಜೂನ್‌ನಲ್ಲಿ ಸುಮಾರು ಆರು ಗಂಟೆಗೆ ಸೂರ್ಯ ಹುಟ್ಟಿದರೆ, ಜನವರಿಯಲ್ಲಿ 6:45 ದಾಟುತ್ತೆ. ಸೂರ್ಯನೇ ಮುಕ್ಕಾಲು ಗಂಟೆ ಲೇಟು, ನನ್ನ ಶೀಟಲ್ಲಿ ಮಾತ್ರ ಅದೇ 5:45.

ದೇವಸ್ಥಾನದಿಂದ ಬಂದಮೇಲೆ ಅಮ್ಮ ಇನ್ನೊಂದು ಮಾತು ಹೇಳಿದರು. ಮುಟ್ಟು ನಿಲ್ಲುವ ವಯಸ್ಸು. ರಾತ್ರಿ ಎರಡು ಗಂಟೆಗೆ ಮೈಯೆಲ್ಲ ಬೆವರಿ ಎಚ್ಚರ ಆಗುತ್ತಂತೆ, ಈ ಚಳಿಯಲ್ಲೂ ಫ್ಯಾನ್ ಹಾಕ್ತಾರಂತೆ. ಆಮೇಲೆ ಕೆಲವು ದಿನ ನಿದ್ದೆಯೇ ಇಲ್ಲ. "ನಿನ್ನ ವಾಚಿಗೆ ಅದೆಲ್ಲ ಗೊತ್ತಾಗುತ್ತಾ?" ಅಂದರು. ಮೂರು ತಿಂಗಳು ದಿನಾ ಫೋನ್ ಮಾಡಿದ್ದೀನಿ. ನಿದ್ದೆ ಬಂತಾ ಅಂತ ಒಂದು ದಿನವೂ ಕೇಳಿರಲಿಲ್ಲ.

ಆಮೇಲೆ ಇಬ್ಬರೂ ಕೂತು ಪ್ಲಾನ್ ಬದಲಾಯಿಸಿದೆವು. ಡಾಕ್ಟರಿಗೆ ನಿದ್ದೆಯ ವಿಷಯ ಹೇಳಿದ್ದು ಮೊದಲನೇ ಕೆಲಸ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆಯಂಥ ವ್ಯಾಯಾಮ. ಅದನ್ನ ಒಂದೇ ಏಟಿಗೆ, ನಸುಕಲ್ಲೇ ಮಾಡಬೇಕು ಅಂತೇನಿಲ್ಲ. ಚಳಿಯಲ್ಲಿ ರಕ್ತನಾಳ ಬಿಗಿಯಾಗಿ ಬಿಪಿ ಏರೋದರಿಂದ, ಬಿಪಿ ಇರೋರು ಬಿಸಿಲು ಬಂದಮೇಲೆ ಹೊರಡೋದೇ ವಾಸಿ. ಊಟ ಆದಮೇಲೆ ಹತ್ತು ನಿಮಿಷ ನಡೆದರೂ ಸ್ನಾಯುಗಳು ಸಕ್ಕರೆ ಬಳಸಿಕೊಳ್ತವೆ, ಶುಗರ್ ಅಷ್ಟು ಏರಲ್ಲ. ಪ್ರಸಾದದ ಹುಗ್ಗಿ ಬಿಡು ಅಂತ ನಾನು ಹೇಳಲಿಲ್ಲ. ಅಮ್ಮನೇ ಒಂದು ದೊನ್ನೆ ತಂದು ಮನೆಯವರಿಗೆಲ್ಲ ಹಂಚಿ, ಎರಡು ಚಮಚ ತಿಂತಾರೆ.

ಸಂಕ್ರಾಂತಿಗೆ ಧನುರ್ಮಾಸ ಮುಗೀತು. ಇಲ್ಲೇ ಮತ್ತೆ ನಿಂತುಹೋಗುತ್ತೆ ಅಂತ ನನಗೆ ಭಯ ಇತ್ತು. ಆದರೆ ಎಳ್ಳು ಬೀರೋಕೆ ಹೋದಾಗ ಅಮ್ಮನೇ ಎದುರುಮನೆಯವರ ಹತ್ರ ಮಾತಾಡಿಕೊಂಡು ಬಂದರು. ಗೇಟ್ ಅದೇ, ಜನ ಅವರೇ, ಟೈಮ್ ಮಾತ್ರ ಏಳು ಗಂಟೆ. ನಿದ್ದೆ ಇಲ್ಲದ ದಿನ ರಜೆ. ಅದಕ್ಕೆ ಯಾರೂ ಕಾರಣ ಕೇಳಲ್ಲ.

ಮುಂದಿನ ಟೆಸ್ಟ್ ಫೆಬ್ರವರಿಯಲ್ಲಿದೆ. ನಂಬರ್ ಏನು ಬರುತ್ತೋ ಗೊತ್ತಿಲ್ಲ. ವಾಚ್ ಇನ್ನೂ ಷೋಕೇಸಲ್ಲೇ ಇದೆ. ಎಕ್ಸೆಲ್ ಶೀಟ್ ಡಿಲೀಟ್ ಮಾಡಿದ್ದೀನಿ. ಈಗ ರಾತ್ರಿ ಊಟ ಆದಮೇಲೆ ಫೋನ್ ಮಾಡ್ತೀನಿ. ಅಮ್ಮ ಅಲ್ಲಿ ಮಹಡಿ ಮೇಲೆ, ನಾನು ಇಲ್ಲಿ ಪಿಜಿ ಟೆರೇಸಲ್ಲಿ, ಹತ್ತು-ಹದಿನೈದು ನಿಮಿಷ ನಡೀತಾ ಮಾತಾಡ್ತೀವಿ. ನಿನ್ನೆ ನಾನು ಏದುಸಿರು ಬಿಡ್ತಿದ್ದೆ. "ಯಾಕೇ, ನಿನ್ನ ಶುಗರ್ ಟೆಸ್ಟ್ ಯಾವಾಗ ಮಾಡಿಸ್ತೀಯಾ?" ಅಂದರು ಅಮ್ಮ.

ನೀವೂ ಇವತ್ತು ಮನೆಗೊಂದು ಫೋನ್ ಮಾಡಿ. ಎಷ್ಟು ಹೆಜ್ಜೆ ಆಯ್ತು ಅಂತ ಆಮೇಲೆ ಕೇಳಿ, ರಾತ್ರಿ ನಿದ್ದೆ ಬಂತಾ ಅಂತ ಮೊದಲು ಕೇಳಿ. ಮುಂದಿನ ವಾರ ಸಿಗೋಣ.